ಸ್ಮಾರ್ಟ್ ಲೈಟಿಗೆ ಏನಂತ ಹೆಸರಿಡಬೇಕು? ಬಾಯಿಗೆ ಸುಲಭವಾದ ಹೆಸರುಗಳ ಹೋಲಿಕೆ

ಹೊಸ ಸ್ಮಾರ್ಟ್ ಬಲ್ಬನ್ನು ಆ್ಯಪಿಗೆ ಸೇರಿಸುವಾಗ ಕೊನೆಯಲ್ಲಿ ಒಂದು ಹೆಸರು ಕೇಳುತ್ತದೆ. ಹೆಚ್ಚಿನವರು ಅಲ್ಲಿ ಮೊದಲೇ ಬರೆದಿರುವುದನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ. ಬಲ್ಬು ಒಂದೇ ಇದ್ದಾಗ ಅದರಿಂದ ತೊಂದರೆಯೂ ಇಲ್ಲ. ಐದಾರು ಆದಮೇಲೆ ಪರದಾಟ ಶುರು. ಬಾಯಿಮಾತಿಗೆ ಕೆಲಸ ಮಾಡುವ ಸ್ಮಾರ್ಟ್ ಸ್ಪೀಕರಿಗೆ ಒಂದು ಲೈಟು ಹಾಕು ಅಂದರೆ ಇನ್ನೊಂದು ಹತ್ತುತ್ತದೆ. ಒಂದನ್ನು ಆರಿಸು ಅಂದರೆ ಮನೆಯೆಲ್ಲ ಕತ್ತಲಾಗುತ್ತದೆ. ಇಲ್ಲವೇ ‘ಆ ಹೆಸರಿನವು ಹಲವು ಇವೆ, ಯಾವುದು ಬೇಕು?’ ಅಂತ ಸ್ಪೀಕರ್ ತಿರುಗಿ ಕೇಳುತ್ತದೆ. ಬಲ್ಬು ಚೆನ್ನಾಗಿದೆ, ವೈಫೈ ಚೆನ್ನಾಗಿದೆ. ತೊಡಕು ಇರುವುದು ಹೆಸರಿನಲ್ಲಿ.

ಆ್ಯಪಿನಲ್ಲಿ ಬೆರಳಿಟ್ಟು ಒತ್ತುವಾಗ ಹೆಸರು ಬರೀ ಗುರುತು. ಬಾಯಲ್ಲಿ ಹೇಳುವಾಗ ಹೆಸರೇ ಸ್ವಿಚ್ಚು. ಅದು ಮನೆಯ ಎಲ್ಲರ ಕೈಗೂ ಸಿಗಬೇಕು. ಆ್ಯಪ್ ಹೊಂದಿಸಿದವರಿಗೆ ಮಾತ್ರ ನೆನಪಿರುವ ಹೆಸರಿದ್ದರೆ ಉಳಿದವರು ಗೋಡೆಯ ಸ್ವಿಚ್ಚಿಗೇ ವಾಪಸ್ಸಾಗುತ್ತಾರೆ. ಆ ಸ್ವಿಚ್ಚು ಆಫ್ ಆಯಿತು ಅಂದರೆ ಬಲ್ಬಿಗೆ ಕರೆಂಟೇ ಇಲ್ಲ, ಆಮೇಲೆ ಯಾರು ಏನು ಕೂಗಿದರೂ ಅದಕ್ಕೆ ತಿಳಿಯುವುದಿಲ್ಲ.

ಹೆಸರಿಡುವ ಬಗೆಗಳು ಹಲವು. ಒಂದೊಂದನ್ನೂ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕೋಣೆಗಳನ್ನು ಸರಿಯಾಗಿ ಹೊಂದಿಸಿ, ಬಾಯಲ್ಲಿ ಹೇಳುವ ಹೆಸರುಗಳನ್ನು ಆದಷ್ಟು ಕಡಿಮೆ ಇಡಿ. ಮನೆಯ ಮುಕ್ಕಾಲು ಪಾಲು ಲೈಟುಗಳಿಗೆ ಬಾಯಲ್ಲಿ ಹೇಳುವ ಹೆಸರೇ ಬೇಕಾಗುವುದಿಲ್ಲ.

ಸ್ಪೀಕರ್ ಒಳಗೆ ಏನು ನಡೆಯುತ್ತದೆ

ನೀವು ಮಾತಾಡಿದ್ದು ಮೊದಲು ಅಕ್ಷರವಾಗುತ್ತದೆ. ಆಮೇಲೆ ಆ ಅಕ್ಷರಗಳನ್ನು ನಿಮ್ಮ ಮನೆಯ ಲೈಟುಗಳ ಹೆಸರಿನ ಜೊತೆ ತಾಳೆ ನೋಡುತ್ತದೆ. ಎಡವಟ್ಟು ಈ ಎರಡರಲ್ಲಿ ಎಲ್ಲಿ ಬೇಕಾದರೂ ಆಗಬಹುದು. ಈ ಎರಡನ್ನು ಬೇರೆ ಬೇರೆಯಾಗಿ ನೋಡಿದರೆ ಯಾವ ಹೆಸರು ಯಾಕೆ ಕೆಡುತ್ತದೆ ಅಂತ ಬೇಗ ತಿಳಿಯುತ್ತದೆ.

ಮೊದಲ ಹಂತದಲ್ಲಿ, ಜನ ದಿನವೂ ಆಡುವ ಪದಗಳನ್ನು ಸ್ಪೀಕರ್ ಚೆನ್ನಾಗಿ ಹಿಡಿಯುತ್ತದೆ. ಅಪರೂಪದ ಪದ ಬಂದರೆ ಅದರ ಹತ್ತಿರದ ಸದ್ದಿನ, ಹೆಚ್ಚು ಬಳಕೆಯ ಪದವನ್ನು ಹಾಕಿಕೊಳ್ಳುತ್ತದೆ. ತೀರ ಗಿಡ್ಡ ಪದವೂ ಒಳ್ಳೆಯದಲ್ಲ. ಟಿವಿ ಸದ್ದಿನ ನಡುವೆ ಒಂದೇ ಉಸಿರಿನ ಪದ ಕಳೆದುಹೋಗುತ್ತದೆ. ಎರಡು ಪದಗಳ ಹೆಸರು ಅಳತೆಗೆ ಸರಿ. ಮೂರು ಪದ ತಡೆದುಕೊಳ್ಳಬಹುದು. ನಾಲ್ಕಾದರೆ ಯಾರೂ ಪೂರ್ತಿ ಹೇಳುವುದಿಲ್ಲ.

ಎರಡನೆಯ ಹಂತದಲ್ಲಿ, ಒಂದು ಹೆಸರು ಇನ್ನೊಂದರ ಒಳಗೆ ಅಡಗಿ ಕೂತಿದ್ದರೆ ಗೊಂದಲ. ‘ಬೆಡ್‌ರೂಮ್ ಲೈಟ್’, ‘ಗೆಸ್ಟ್ ಬೆಡ್‌ರೂಮ್ ಲೈಟ್’, ‘ಕಿಡ್ಸ್ ಬೆಡ್‌ರೂಮ್ ಲೈಟ್’ ಮೂರೂ ಇವೆ ಅಂದುಕೊಳ್ಳಿ. ಮೊದಲನೆಯದು ಉಳಿದೆರಡರ ಒಳಗೂ ಇದೆ. ‘ಗೆಸ್ಟ್ ರೂಮ್’, ‘ಕಿಡ್ಸ್ ರೂಮ್’ ಅಂತ ಮಾಡಿ ‘ಬೆಡ್‌ರೂಮ್’ ಅನ್ನುವ ಪದವನ್ನು ಒಂದೇ ಕೋಣೆಗೆ ಬಿಟ್ಟುಕೊಟ್ಟರೆ ಮೂರೂ ಬೇರೆಬೇರೆಯಾಗುತ್ತವೆ.

ಮೊದಲ ಬಗೆ: ಹೆಸರೇ ಹೇಳದಿರುವುದು

ಇದೇ ಎಲ್ಲಕ್ಕಿಂತ ಸಲೀಸು, ಆದರೆ ಎಷ್ಟೋ ಮಂದಿಗೆ ಇದು ಇದೆ ಅಂತಲೇ ಗೊತ್ತಿಲ್ಲ. ಅಮೆಜಾನಿನ ಅಲೆಕ್ಸಾ ಆ್ಯಪಿನಲ್ಲಿ ಒಂದು ಗ್ರೂಪ್ ಮಾಡಿ, ಆ ಕೋಣೆಯ ಲೈಟುಗಳ ಜೊತೆಗೆ ಅಲ್ಲಿರುವ ಎಕೋ ಸ್ಪೀಕರನ್ನೂ ಅದೇ ಗ್ರೂಪಿಗೆ ಸೇರಿಸಿ. ಆಮೇಲೆ ಆ ಕೋಣೆಯಲ್ಲಿ ನಿಂತು ‘ಟರ್ನ್ ಆನ್ ದ ಲೈಟ್ಸ್’ ಅಂದರೆ ಸಾಕು. ಅಲ್ಲಿನ ಲೈಟುಗಳು ಮಾತ್ರ ಹತ್ತುತ್ತವೆ. ಗೂಗಲ್ ಹೋಮ್‌ನಲ್ಲಿ ಸ್ಪೀಕರನ್ನೂ ಲೈಟುಗಳನ್ನೂ ಒಂದೇ ರೂಮಿಗೆ ಸೇರಿಸಿದರೆ ಇದೇ ಅನುಕೂಲ ಸಿಗುತ್ತದೆ. ಆ್ಯಪಲ್‌ನ ಹೋಮ್‌ಪಾಡ್ ಕೂಡ ತಾನು ಯಾವ ರೂಮಿಗೆ ಸೇರಿದ್ದೇನೆ ಅಂತ ನೋಡಿಕೊಂಡೇ ಕೆಲಸ ಮಾಡುತ್ತದೆ.

ಇದರಲ್ಲಿ ನೆನಪಿಡಬೇಕಾದ್ದು ಏನೂ ಇಲ್ಲ. ಚಿಕ್ಕ ಮಗು ಹೇಳಬಹುದು, ಮೊದಲ ಸಲ ಮನೆಗೆ ಬಂದವರು ಹೇಳಬಹುದು. ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ಮಾಡಿ ಮುಗಿಸಿ ಅಂತ ನಾನು ಒತ್ತಿ ಹೇಳುತ್ತೇನೆ.

ಕೊರತೆ ಇಲ್ಲವೇ? ಇದೆ. ಕೋಣೆಗೊಂದು ಸ್ಪೀಕರ್ ಬೇಕು. ಹಾಲ್ ಮತ್ತು ಅಡುಗೆಮನೆ ನಡುವೆ ಗೋಡೆಯೇ ಇಲ್ಲದ ಮನೆಗಳಲ್ಲಿ ಎರಡು ಸ್ಪೀಕರ್‌ಗಳಿಗೂ ನಿಮ್ಮ ದನಿ ಕೇಳುತ್ತದೆ. ಆಗ ಆಚೆ ಕಡೆಯದು ಉತ್ತರ ಕೊಟ್ಟರೆ ಆಚೆಯ ಲೈಟು ಹತ್ತುತ್ತದೆ. ಅಂಥ ಜಾಗದಲ್ಲಿ ಕೋಣೆಯ ಹೆಸರು ಸೇರಿಸಿ ಹೇಳುವುದೇ ಸರಿ.

ಇಲ್ಲೊಂದು ಚಿಕ್ಕ ವಿಷಯವನ್ನು ಹಲವರು ಮರೆಯುತ್ತಾರೆ. ಸ್ಮಾರ್ಟ್ ಪ್ಲಗ್‌ಗೆ ಸಿಕ್ಕಿಸಿದ ಲ್ಯಾಂಪು, ಸ್ಮಾರ್ಟ್ ಸ್ವಿಚ್ಚಿನಿಂದ ಉರಿಯುವ ಸಾದಾ ಬಲ್ಬು, ಇವನ್ನು ಅಸಿಸ್ಟೆಂಟ್ (ಸ್ಪೀಕರಿನಲ್ಲಿ ನಮ್ಮ ಮಾತು ಕೇಳಿ ಕೆಲಸ ಮಾಡುವ ತಂತ್ರಾಂಶ) ಸಾಮಾನ್ಯವಾಗಿ ‘ಲೈಟ್’ ಅಂತ ಎಣಿಸುವುದಿಲ್ಲ. ಅದಕ್ಕೆ ಅವು ಪ್ಲಗ್ಗು ಅಥವಾ ಸ್ವಿಚ್ಚು ಅಷ್ಟೇ. ಲೈಟ್ಸ್ ಆನ್ ಅಂದಾಗ ಅವು ಸುಮ್ನೆ ಕೂರುತ್ತವೆ. ಅಲೆಕ್ಸಾ, ಗೂಗಲ್ ಹೋಮ್, ಆ್ಯಪಲ್ ಹೋಮ್ ಮೂರರಲ್ಲೂ ಸಾಧನದ ಬಗೆಯನ್ನು ‘ಲೈಟ್’ ಅಂತ ಬದಲಿಸುವ ದಾರಿ ಇದೆ. ನಾಲ್ಕು ಸ್ವಿಚ್ಚುಗಳ ಸ್ಮಾರ್ಟ್ ಬೋರ್ಡು ಹಾಕಿಸಿದವರು ಇದನ್ನು ಒಂದೊಂದಾಗಿ ನೋಡಬೇಕು. ಫ್ಯಾನಿಗೆ ಹೋಗುವ ಸ್ವಿಚ್ಚನ್ನು ಮರೆತು ಲೈಟ್ ಅಂತ ಮಾಡಿದರೆ ರಾತ್ರಿ ಲೈಟ್ ಆರಿಸಿದಾಗ ಫ್ಯಾನೂ ನಿಲ್ಲುತ್ತದೆ.

ಅಂಕಿ ಹಾಕಿ ಕರೆಯುವುದು

‘ಲೈಟ್ 1, ಲೈಟ್ 2, ಲೈಟ್ 3’. ಆ್ಯಪಿನ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಬಾಯಿಗೆ ಬಂದಾಗ ಮಾತ್ರ ಇದರಷ್ಟು ಕೆಟ್ಟದ್ದು ಬೇರೆ ಇಲ್ಲ. ಇಂಗ್ಲಿಷಿನ ‘ಟೂ’ ಅನ್ನುವ ಸದ್ದಿಗೂ ‘ಫೋರ್’ ಅನ್ನುವ ಸದ್ದಿಗೂ ಬೇರೆ ಅರ್ಥಗಳಿವೆ. ‘ಸೆಟ್ ಲೈಟ್ ಟೂ ಟು ಫಿಫ್ಟಿ’ ಅಂದರೆ ಎರಡನೆಯ ಲೈಟಿಗೆ ಹೇಳಿದ್ದೋ, ಎಲ್ಲ ಲೈಟಿಗೆ ಹೇಳಿದ್ದೋ? ಬೆಳಕಿನ ಪ್ರಮಾಣವನ್ನೂ ನಾವು ಅಂಕಿಯಲ್ಲೇ ಹೇಳುವುದರಿಂದ ಹೆಸರಿನ ಅಂಕಿ ಅದರ ಜೊತೆ ಬೆರೆತುಹೋಗುತ್ತದೆ. ಅದೂ ಅಲ್ಲದೆ ಕಿಟಕಿ ಪಕ್ಕದ್ದು ಮೂರೋ ನಾಲ್ಕೋ ಅಂತ ಯಾರಿಗೆ ನೆನಪಿರುತ್ತದೆ?

ಅಂಕಿಗೆ ಒಂದೇ ಒಂದು ಒಳ್ಳೆಯ ಜಾಗ ಇದೆ. ಒಂದೇ ದೀಪಗುಚ್ಛದಲ್ಲಿ ನಾಲ್ಕೈದು ಬಲ್ಬುಗಳಿದ್ದರೆ, ಅಥವಾ ಸೀಲಿಂಗಿನಲ್ಲಿ ಸಾಲಾಗಿ ಚಿಕ್ಕ ಲೈಟುಗಳಿದ್ದರೆ, ಅವನ್ನು ಬಿಡಿಬಿಡಿಯಾಗಿ ಯಾರೂ ಕರೆಯುವುದಿಲ್ಲ. ಅಂಥವಕ್ಕೆ ‘ಸೀಲಿಂಗ್ ಬಲ್ಬ್ 1’, ‘ಸೀಲಿಂಗ್ ಬಲ್ಬ್ 2’ ಅಂತ ಕೊಡಿ. ಯಾವುದಾದರೂ ಕೆಟ್ಟರೆ ಪಟ್ಟಿಯಲ್ಲಿ ಹುಡುಕುವುದಕ್ಕೆ ಸುಲಭ. ಬಾಯಲ್ಲಿ ಕರೆಯಲು ಎಲ್ಲವನ್ನೂ ಸೇರಿಸಿ ‘ಚಾಂಡಲಿಯರ್’ ಅಥವಾ ‘ಮೇನ್ ಲೈಟ್’ ಅಂತ ಒಂದು ಗುಂಪು ಮಾಡಿ. ಗುಂಪಿನ ಹೆಸರಿನಲ್ಲಿರುವ ಪದ ಬಿಡಿ ಬಲ್ಬುಗಳ ಹೆಸರಿನಲ್ಲಿ ಬರದ ಹಾಗೆ ನೋಡಿಕೊಳ್ಳಿ.

ಕೋಣೆ ಮತ್ತು ಲೈಟಿನ ಬಗೆ ಸೇರಿಸಿದ ಹೆಸರು

‘ಕಿಚನ್ ಸೀಲಿಂಗ್’, ‘ಬೆಡ್‌ರೂಮ್ ಲ್ಯಾಂಪ್’, ‘ಬಾಲ್ಕನಿ ಸ್ಟ್ರಿಪ್’. ಮೊದಲು ಎಲ್ಲಿದೆ, ಆಮೇಲೆ ಎಂಥದ್ದು. ಇದು ಎಲ್ಲರಿಗೂ ಹೊಳೆಯುವ ಬಗೆ, ಎಲ್ಲ ವ್ಯವಸ್ಥೆಗಳಲ್ಲೂ ನಡೆಯುವ ಬಗೆ. ಹೆಸರು ಮರೆತವರೂ ಊಹಿಸಿ ಹೇಳಬಹುದು. ಮನೆಯ ಯಾವ ಮೂಲೆಯಲ್ಲಿ ನಿಂತು ಹೇಳಿದರೂ ಸರಿಯಾದ ಲೈಟೇ ಹತ್ತುತ್ತದೆ. ಹೊರಗಿದ್ದು ಫೋನಿನಿಂದ ಹೇಳುವಾಗಲೂ ಇದೇ ನಂಬಿಕೆಯದು.

ಇದರಲ್ಲಿ ಒಂದೇ ಒಂದು ಗುಂಡಿ ಇದೆ, ಅದರಲ್ಲೇ ಎಲ್ಲರೂ ಬೀಳುತ್ತಾರೆ. ಒಂದು ಬಲ್ಬಿಗೆ ‘ಕಿಚನ್ ಲೈಟ್’ ಅಂತ ಹೆಸರಿಟ್ಟಿರುತ್ತಾರೆ. ಕೋಣೆಯ ಹೆಸರು ‘ಕಿಚನ್’. ಕೋಣೆಯ ಎಲ್ಲ ಲೈಟುಗಳನ್ನೂ ಹಾಕಲು ‘ಕಿಚನ್ ಲೈಟ್ಸ್’ ಅನ್ನುತ್ತಾರೆ. ಒಂದಕ್ಕೂ ಹಲವಕ್ಕೂ ನಡುವೆ ಉಳಿದಿರುವುದು ಕೊನೆಯ ‘ಸ್’ ಒಂದೇ. ಬೇಗ ಮಾತಾಡುವಾಗ ಆ ‘ಸ್’ ನಮ್ಮ ಬಾಯಲ್ಲೇ ಅರ್ಧ ನುಂಗಿಹೋಗಿರುತ್ತದೆ. ಆಗ ಎಲ್ಲ ಹತ್ತಬೇಕಾದ ಕಡೆ ಒಂದೇ ಹತ್ತುತ್ತದೆ.

ಇದಕ್ಕೆ ಮದ್ದು ಸುಲಭ. ಬಿಡಿ ಲೈಟಿನ ಹೆಸರಿನಲ್ಲಿ ‘ಲೈಟ್’ ಅನ್ನುವ ಪದವನ್ನೇ ಬಳಸಬೇಡಿ. ಲ್ಯಾಂಪ್, ಸೀಲಿಂಗ್, ಸ್ಟ್ರಿಪ್, ಸ್ಪಾಟ್, ಮಿರರ್ ಅನ್ನಿ. ‘ಲೈಟ್ಸ್’ ಪದವನ್ನು ಇಡೀ ಕೋಣೆಗಾಗಿ ಮೀಸಲಿಡಿ. ಈ ಒಂದು ಕಟ್ಟಳೆ ಪಾಲಿಸಿದರೆ ಹೆಸರಿನ ತಾಪತ್ರಯ ಅರ್ಧಕ್ಕರ್ಧ ಇಳಿಯುತ್ತದೆ.

ಪಕ್ಕದ ವಸ್ತುವಿನ ಹೆಸರು

‘ಸೋಫಾ ಲ್ಯಾಂಪ್’, ‘ಡೆಸ್ಕ್ ಲ್ಯಾಂಪ್’, ‘ಬುಕ್‌ಶೆಲ್ಫ್’, ‘ಮಿರರ್’. ಕೋಣೆಯ ಹೆಸರಿಲ್ಲ, ಹತ್ತಿರದ ವಸ್ತು ಮಾತ್ರ. ನನಗೆ ಇದು ಜಾಸ್ತಿ ಇಷ್ಟ. ಯಾಕೆಂದರೆ ಹೆಸರು ಕಣ್ಣೆದುರಿಗೇ ಇರುತ್ತದೆ. ನೋಡಿ ಹೇಳಿದರಾಯಿತು. ಗಿಡ್ಡವಾಗಿಯೂ ಇರುತ್ತದೆ, ಪಕ್ಕದ ಲೈಟಿನ ಹೆಸರಿಗಿಂತ ಸದ್ದಿನಲ್ಲಿ ಬೇರೆಯಾಗಿಯೂ ಇರುತ್ತದೆ.

ಒಂದೇ ಬಗೆಯ ವಸ್ತು ಎರಡು ಕೋಣೆಗಳಲ್ಲಿ ಇದ್ದರೆ ಕೋಣೆಯ ಹೆಸರನ್ನು ಸೇರಿಸಲೇಬೇಕು. ಸೋಫಾ ಜಾಗ ಬದಲಿಸಿದರೆ ಹೆಸರೂ ಬದಲಾಗಬೇಕು. ಪೀಠೋಪಕರಣ ಆಗಾಗ ಸರಿಸುವ ಅಭ್ಯಾಸ ಇರುವವರು ಕಿಟಕಿ, ಬಾಗಿಲು, ಕಪಾಟು ಥರದ ಅಲುಗದ ವಸ್ತುಗಳನ್ನು ಹಿಡಿಯಲಿ: ‘ವಿಂಡೋ ಲ್ಯಾಂಪ್’, ‘ಡೋರ್ ಲ್ಯಾಂಪ್’.

ಎಡ, ಬಲ ಅಂತ ಕರೆಯಬಹುದಾ? ಮಂಚದ ಎರಡು ಬದಿಯ ಲ್ಯಾಂಪುಗಳಿಗೆ ಎಲ್ಲರೂ ಮೊದಲು ಇಡುವುದು ಇದೇ. ಎರಡು ತೊಂದರೆಗಳಿವೆ. ಮಲಗಿದಾಗಿನ ಬಲ, ಎದುರು ನಿಂತಾಗ ಎಡವಾಗುತ್ತದೆ. ಇನ್ನೊಂದು, ‘ರೈಟ್ ಲೈಟ್’ ಅನ್ನುವಾಗ ಎರಡು ಪದಗಳೂ ಒಂದೇ ರಾಗ. ‘ನೈಟ್ ಲೈಟ್’, ‘ವೈಟ್ ಲೈಟ್’ ಕೂಡ ಅದೇ ರಾಗ. ಮನೆಯಲ್ಲಿ ಇವೆರಡು ಇದ್ದರೆ ಸ್ಪೀಕರಿಗೆ ಬಿಡಿಸಿಕೊಳ್ಳುವುದು ಕಷ್ಟ. ಕಿಟಕಿ ಬದಿ, ಬಾಗಿಲು ಬದಿ ಅನ್ನುವುದೇ ವಾಸಿ.

ಕೆಲಸದ ಹೆಸರು

‘ರೀಡಿಂಗ್ ಲ್ಯಾಂಪ್’, ‘ಮೇಕಪ್ ಲ್ಯಾಂಪ್’, ‘ಡೈನಿಂಗ್ ಲ್ಯಾಂಪ್’. ಬೆಳಕು ಯಾವುದಕ್ಕೆ ಬೇಕು ಅನ್ನುವುದೇ ಹೆಸರು. ಬೇಕಾದಾಗ ಮನಸ್ಸಿಗೆ ಮೊದಲು ಬರುವುದು ಆ ಕೆಲಸವೇ ಆದ್ದರಿಂದ ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ. ಒಂದು ಲೈಟಿಗೆ ಒಂದೇ ಕೆಲಸ ಇದ್ದರೆ ಇದು ಚೆಂದ. ಎರಡು ಮೂರು ಕೆಲಸಕ್ಕೆ ಬಳಸುವ ಲೈಟಾದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹಿಡಿಯುತ್ತಾರೆ. ‘ಟಿವಿ’ ಪದದ ಬಗ್ಗೆ ಮಾತ್ರ ಎಚ್ಚರ ಇರಲಿ. ‘ಟಿವಿ’ ಅಂತ ನಿಜವಾದ ಟಿವಿಯನ್ನೂ ಜೋಡಿಸಿದ್ದರೆ ‘ಟಿವಿ ಲೈಟ್ ಆಫ್’ ಅಂದಾಗ ಟಿವಿ ಆರಬಹುದು. ‘ಸ್ಕ್ರೀನ್ ಲ್ಯಾಂಪ್’ ಅಥವಾ ‘ಬ್ಯಾಕ್‌ಲೈಟ್’ ಅನ್ನಿ.

ಮಂದಿಯ ಹೆಸರು, ಅಂದದ ಹೆಸರು

ಮಕ್ಕಳ ಕೋಣೆಗೆ ಮಗುವಿನ ಹೆಸರು ಇಡುವುದು ಮುದ್ದಾಗಿರುತ್ತದೆ. ಮಗುವಿಗೂ ತನ್ನ ಲೈಟು ಅಂತ ಖುಷಿ. ಆ ಖುಷಿಗೆ ಬೆಲೆ ಇದೆ ಅಂತಲೇ ನನ್ನ ಭಾವನೆ, ಹಾಗಾಗಿ ಇದನ್ನು ಪೂರ್ತಿ ಬೇಡ ಅನ್ನುವುದಿಲ್ಲ. ಎರಡು ವಿಷಯ ನೋಡಿಕೊಳ್ಳಿ. ಹೆಸರಿನ ಕೊನೆಗೆ ಬರುವ ಇಂಗ್ಲಿಷಿನ ‘ಸ್’ ಗುರುತನ್ನು ಬಿಟ್ಟುಬಿಡಿ, ಬರೀ ಹೆಸರು ಮತ್ತು ‘ರೂಮ್’ ಸಾಕು. ಆಮೇಲೆ ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಲವು ಬಗೆಯಲ್ಲಿ ಬರೆಯಬಹುದು. ಸ್ಪೀಕರ್ ಬರೆದುಕೊಳ್ಳುವ ಬಗೆಯೂ ನೀವು ಬರೆದ ಬಗೆಯೂ ಒಂದೇ ಆಗಿರಬೇಕು ಅಂತೇನಿಲ್ಲ. ಅದನ್ನು ಹೇಗೆ ನೋಡುವುದು ಅಂತ ಮುಂದೆ ಹೇಳಿದ್ದೇನೆ.

ಗ್ರಹಗಳ ಹೆಸರು, ಹೂವಿನ ಹೆಸರು, ಕಥೆಯ ಪಾತ್ರಗಳ ಹೆಸರು ಇಡುವವರಿದ್ದಾರೆ. ಸದ್ದಿನ ಲೆಕ್ಕದಲ್ಲಿ ಇವು ಎಷ್ಟೋ ಸಲ ಚೆನ್ನಾಗಿಯೇ ಇರುತ್ತವೆ. ‘ಜುಪಿಟರ್’ ಅಂದರೆ ಅದನ್ನು ಬೇರೆ ಯಾವ ಲೈಟಿನ ಜೊತೆಗೂ ಬೆರೆಸಲಾಗುವುದಿಲ್ಲ. ಆದರೆ ಜುಪಿಟರ್ ಎಲ್ಲಿದೆ ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಒಬ್ಬರೇ ಇರುವ ಮನೆಯಾದರೆ ಧಾರಾಳವಾಗಿ ಇಡಿ. ನಾಲ್ಕು ಜನರ ಮನೆಗೆ ಬೇಡ. ಹಿರಿಯರಿದ್ದರೆ ಖಂಡಿತ ಬೇಡ. ಕತ್ತಲಲ್ಲಿ ನಿಂತು ಲೈಟಿನ ಹೆಸರು ನೆನಪಿಸಿಕೊಳ್ಳುವ ಪಾಡು ಅವರಿಗೆ ಬರಬಾರದು.

ಬಣ್ಣದ ಹೆಸರು ಮಾತ್ರ ಯಾರಿಗೂ ಬೇಡ. ಬಣ್ಣ ಬದಲಿಸುವ ಬಲ್ಬಿಗೆ ‘ರೆಡ್ ಲ್ಯಾಂಪ್’ ಅಂತಿಟ್ಟು ಅದನ್ನು ನೀಲಿ ಮಾಡು ಅಂದರೆ ಒಂದೇ ವಾಕ್ಯದಲ್ಲಿ ಎರಡು ಬಣ್ಣ ಬರುತ್ತವೆ. ಬ್ರೈಟ್, ಡಿಮ್, ವಾರ್ಮ್, ಆಲ್, ಎವೆರಿಥಿಂಗ್ ಪದಗಳೂ ಹೀಗೆಯೇ. ಅಸಿಸ್ಟೆಂಟ್ ಅವನ್ನು ಕೆಲಸದ ಮಾತಾಗಿ ಓದುತ್ತದೆ. ಸ್ಪೀಕರನ್ನು ಕರೆಯುವ ಪದವೂ ಬೇಡ. ಅಲೆಕ್ಸಾ ಸ್ಪೀಕರನ್ನು ‘ಎಕೋ’ ಅಥವಾ ‘ಕಂಪ್ಯೂಟರ್’ ಅಂತ ಕರೆಯುವ ಹಾಗೆ ಹೊಂದಿಸಬಹುದು. ಹಾಗೆ ಮಾಡಿದವರು ‘ಕಂಪ್ಯೂಟರ್ ಲ್ಯಾಂಪ್’ ಅಂತ ಇಡುವುದು ಬೇಡ.

ಸೀನ್: ಹಲವು ಲೈಟುಗಳಿಗೆ ಒಂದು ಮಾತು

ಊಟದ ಹೊತ್ತಿಗೆ ಮೇಜಿನ ಮೇಲಿನದು ಪೂರ್ತಿ, ಸೋಫಾ ಪಕ್ಕದ್ದು ಅರ್ಧ, ಉಳಿದವು ಆಫ್. ಇದನ್ನು ದಿನವೂ ಮೂರು ವಾಕ್ಯದಲ್ಲಿ ಹೇಳುವ ಬದಲು ಒಂದು ಸೀನ್ ಮಾಡಿ ‘ಡಿನ್ನರ್ ಟೈಮ್’ ಅಂತಿಡಿ. ಅಲೆಕ್ಸಾ, ಗೂಗಲ್‌ಗಳಲ್ಲಿ ಇದನ್ನು ರೊಟೀನ್ (ಒಂದು ಮಾತಿಗೆ ಸಾಲಾಗಿ ನಡೆಯುವ ಕೆಲಸಗಳು) ಆಗಿಯೂ ಮಾಡಬಹುದು. ‘ಗುಡ್ ನೈಟ್’ ಅಂದರೆ ಮನೆಯ ಲೈಟೆಲ್ಲ ಆರುವುದು ಎಲ್ಲರಿಗೂ ಗೊತ್ತಿರುವ ಬಳಕೆ.

ಸೀನಿನ ಹೆಸರು ಕೋಣೆಯ ಹೆಸರಾಗಲಿ ಲೈಟಿನ ಹೆಸರಾಗಲಿ ಆಗಿರಬಾರದು. ಹೊತ್ತು ಅಥವಾ ಕೆಲಸ ಹೇಳುವ ಎರಡು ಪದ ಇರಲಿ. ಒಂದು ಮನೆಗೆ ನಾಲ್ಕೈದು ಸೀನ್ ಸಾಕು. ಅದಕ್ಕಿಂತ ಜಾಸ್ತಿ ಆದರೆ ಮಾಡಿದವರಿಗೇ ಮರೆತುಹೋಗುತ್ತದೆ.

ಕನ್ನಡ ಪದವೋ, ಇಂಗ್ಲಿಷ್ ಪದವೋ

ಇದನ್ನು ನನ್ನ ಹತ್ತಿರ ಕೇಳುವವರು ತುಂಬಾ ಜನ. ಸ್ಪೀಕರ್ ಯಾವ ಭಾಷೆಗೆ ಹೊಂದಿಸಿದೆಯೋ ಆ ಭಾಷೆಯ ಹೆಸರು ಇಡಿ, ಇಷ್ಟೇ ಉತ್ತರ. ಇಂಗ್ಲಿಷಿಗೆ ಹೊಂದಿಸಿದ ಸ್ಪೀಕರಿಗೆ ‘ಟರ್ನ್ ಆನ್ ಪಡಸಾಲೆ’ ಅಂದರೆ ಅದು ಪಡಸಾಲೆಯನ್ನು ಯಾವುದೋ ಇಂಗ್ಲಿಷ್ ಪದವಾಗಿ ಬರೆದುಕೊಳ್ಳುತ್ತದೆ. ಆ್ಯಪಿನಲ್ಲಿ ಕನ್ನಡ ಲಿಪಿಯಲ್ಲಿ ಹೆಸರು ಬರೆದಿಟ್ಟರಂತೂ ತಾಳೆ ಬೀಳುವ ಸಾಧ್ಯತೆ ಇನ್ನೂ ಕಡಿಮೆ. ಸ್ಪೀಕರ್ ಬರೆದುಕೊಳ್ಳುವುದು ಇಂಗ್ಲಿಷ್ ಅಕ್ಷರದಲ್ಲಿ, ನಿಮ್ಮ ಹೆಸರಿರುವುದು ಕನ್ನಡದಲ್ಲಿ.

ಆದರೆ ಮನೆಯ ಹಿರಿಯರಿಗೆ ಕನ್ನಡ ಹೆಸರೇ ಬೇಕು ಅಂದರೆ? ದಾರಿ ಇದೆ. ಅಲೆಕ್ಸಾದಲ್ಲಿ ಒಂದು ಲೈಟು ಎರಡು ಗ್ರೂಪಿನಲ್ಲಿ ಇರಬಹುದು. ಮೊದಲ ಗ್ರೂಪ್ ‘ಕಿಚನ್’. ಎರಡನೆಯ ಗ್ರೂಪಿಗೆ ಕನ್ನಡದ ಒಂದು ಚಿಕ್ಕ, ಸ್ಪಷ್ಟ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು, ಸ್ಪೀಕರ್ ಅದನ್ನು ಹೇಗೆ ಬರೆದುಕೊಳ್ಳುತ್ತದೆ ಅಂತ ನೋಡಿ. ಅದು ಬರೆದ ಹಾಗೆಯೇ ಗ್ರೂಪಿನ ಹೆಸರನ್ನು ತಿದ್ದಿ. ಕಾಗುಣಿತ ವಿಚಿತ್ರವಾಗಿ ಕಂಡರೂ ಪರವಾಗಿಲ್ಲ. ಅದನ್ನು ಓದುವವರು ಯಾರೂ ಇಲ್ಲ.

ಉಚ್ಚಾರದ ಬಗ್ಗೆ ಒಂದು ಮಾತು. ಸ್ಪೀಕರಿನ ಭಾಷೆಯಲ್ಲಿ ಇಂಗ್ಲಿಷ್ ಆರಿಸುವಾಗ ಅದರಲ್ಲೂ ಹಲವು ಬಗೆಗಳಿರುತ್ತವೆ. ನಮ್ಮ ಉಚ್ಚಾರಕ್ಕೆ ಹತ್ತಿರದ ಭಾರತದ ಇಂಗ್ಲಿಷನ್ನು ಆರಿಸಿ. ಹೆಸರು ಬದಲಿಸುವ ಮೊದಲು ಇದನ್ನು ನೋಡಿದರೆ ಕೆಲವು ಸಲ ಬೇರೇನೂ ಮಾಡಬೇಕಾಗುವುದಿಲ್ಲ.

ಕಿವಿಗೆ ಮೋಸ ಮಾಡುವ ಜೋಡಿಗಳು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ‘ಹಾಲ್’ ಅನ್ನುವುದು ನಾವು ದಿನವೂ ಆಡುವ ಪದ. ಆದರೆ ‘ಟರ್ನ್ ಆಫ್ ಹಾಲ್ ಲೈಟ್ಸ್’ ಅಂತ ಬೇಗ ಹೇಳಿ ನೋಡಿ. ‘ಹ’ ಸ್ವಲ್ಪ ಮೆತ್ತಗಾದರೆ ಅದು ‘ಆಲ್ ಲೈಟ್ಸ್’. ಇಡೀ ಮನೆ ಆರಿಸುವ ಮಾತು! ‘ವಾಲ್ ಲ್ಯಾಂಪ್’ ಕೂಡ ಇದ್ದರೆ ಮೂರೂ ಒಂದೇ ಪ್ರಾಸ. ‘ಲಿವಿಂಗ್ ರೂಮ್’ ಅಂತ ಬದಲಿಸಿದರೆ ಈ ಕಾಟ ಪೂರ್ತಿ ಹೋಗುತ್ತದೆ. ಬಾಯಿಗೆ ಒಗ್ಗಲು ಸ್ವಲ್ಪ ದಿನ ಬೇಕು, ಆದರೂ ಮಾಡಿ.

‘ಆಫೀಸ್’ ಅನ್ನುವ ಪದ ‘ಆಫ್’ ಸದ್ದಿನಿಂದ ಶುರುವಾಗುತ್ತದೆ. ಮನೆಯಲ್ಲಿ ಕೆಲಸದ ಕೋಣೆ ಇದ್ದರೆ ‘ಸ್ಟಡಿ’ ಅನ್ನಿ. ‘ಬೆಡ್‌ರೂಮ್’ ಮತ್ತು ‘ಬಾತ್‌ರೂಮ್’ ದೂರದಿಂದ ಹೇಳಿದಾಗ ಒಂದೇ ಥರ ಕೇಳುತ್ತವೆ. ಎರಡನೆಯದನ್ನು ‘ವಾಶ್‌ರೂಮ್’ ಮಾಡಿ. ಇಂಥ ಜೋಡಿಗಳು ನಿಮ್ಮ ಪಟ್ಟಿಯಲ್ಲಿ ಇವೆಯಾ ಅಂತ ತಿಳಿಯಲು ಎಲ್ಲ ಹೆಸರುಗಳನ್ನೂ ಒಮ್ಮೆ ಗಟ್ಟಿಯಾಗಿ, ಬೇಗಬೇಗ ಓದಿ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ.

ಯಾವ ವ್ಯವಸ್ಥೆಯಲ್ಲಿ ಏನು ಬೇರೆ

ಅಲೆಕ್ಸಾದಲ್ಲಿ ಒಂದು ಲೈಟು ಹಲವು ಗ್ರೂಪಿನಲ್ಲಿ ಇರಬಹುದು, ಹಾಗಾಗಿ ಗ್ರೂಪನ್ನೇ ಅಡ್ಡಹೆಸರಿನ ಹಾಗೆ ಬಳಸಬಹುದು. ಗೂಗಲ್ ಹೋಮ್‌ನಲ್ಲಿ ಒಂದು ಸಾಧನಕ್ಕೆ ಒಂದೇ ರೂಮು. ಅಲ್ಲಿ ರೂಮು ಸರಿಯಾಗಿ ಹಂಚುವುದೇ ಮುಖ್ಯ ಕೆಲಸ. ಆ್ಯಪಲ್ ಹೋಮ್‌ನಲ್ಲೂ ಸಾಧನಕ್ಕೆ ಒಂದೇ ರೂಮು, ಆದರೆ ರೂಮುಗಳನ್ನು ಸೇರಿಸಿ ಝೋನ್ ಮಾಡಬಹುದು. ಎರಡು ಮಹಡಿಯ ಮನೆಗೆ ‘ಅಪ್‌ಸ್ಟೇರ್ಸ್’ ಅನ್ನುವ ಝೋನ್ ತುಂಬಾ ಉಪಯೋಗ. ಹಲವು ಬಲ್ಬುಗಳನ್ನು ಒಂದೇ ಲೈಟಿನ ಹಾಗೆ ಕೂಡಿಸುವ ಅನುಕೂಲವೂ ಅಲ್ಲಿದೆ, ದೀಪಗುಚ್ಛಕ್ಕೆ ಅದು ಹೇಳಿ ಮಾಡಿಸಿದ್ದು.

ಹೋಮ್ ಅಸಿಸ್ಟೆಂಟ್ (ಮನೆಯ ಸ್ಮಾರ್ಟ್ ಸಾಧನಗಳನ್ನು ನಮ್ಮದೇ ಕಂಪ್ಯೂಟರಿನಿಂದ ನಡೆಸುವ ಉಚಿತ ತಂತ್ರಾಂಶ) ಬಳಸುವವರಿಗೆ ಹೆಸರಿನ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಸ್ವಾತಂತ್ರ್ಯ. 2023ನ್ನು ಆ ತಂಡ ದನಿಯ ವರ್ಷ ಅಂತಲೇ ಕರೆದು ಕೆಲಸ ಮಾಡಿತು. ಅಲ್ಲಿ ಒಂದೇ ಲೈಟಿಗೆ ಹಲವು ಅಡ್ಡಹೆಸರು ಕೊಡಬಹುದು. ಮನೆಯಲ್ಲಿ ಒಬ್ಬರು ‘ಡೆಸ್ಕ್ ಲ್ಯಾಂಪ್’, ಇನ್ನೊಬ್ಬರು ‘ಟೇಬಲ್ ಲ್ಯಾಂಪ್’ ಅನ್ನುತ್ತಾರಾ? ಎರಡನ್ನೂ ಬರೆದಿಡಿ. ದನಿಗೆ ಯಾವ ಲೈಟುಗಳು ಕಾಣಬೇಕು, ಯಾವುವು ಬೇಡ ಅಂತಲೂ ನೀವೇ ಆರಿಸಬಹುದು. ಬಿಡಿ ಬಲ್ಬುಗಳನ್ನು ಮರೆಮಾಡಿ ಗುಂಪನ್ನು ಮಾತ್ರ ತೋರಿಸಿದರೆ ಗೊಂದಲಕ್ಕೆ ಜಾಗವೇ ಉಳಿಯುವುದಿಲ್ಲ.

ಫಿಲಿಪ್ಸ್ ಹ್ಯೂ ಥರದ ಲೈಟುಗಳಿಗೆ ತಮ್ಮದೇ ಆ್ಯಪ್ ಇರುತ್ತದೆ, ಅದರಲ್ಲೂ ರೂಮುಗಳಿರುತ್ತವೆ. ಅದನ್ನು ಅಲೆಕ್ಸಾಗೆ ಜೋಡಿಸಿದಾಗ ಹ್ಯೂ ರೂಮುಗಳೂ ಬಂದು ಸೇರುತ್ತವೆ. ಅಲೆಕ್ಸಾದಲ್ಲಿ ಅದೇ ಹೆಸರಿನ ಗ್ರೂಪ್ ಮೊದಲೇ ಇದ್ದರೆ ಈಗ ‘ಬೆಡ್‌ರೂಮ್’ ಎರಡಾಯಿತು. ಒಂದನ್ನು ತೆಗೆಯಿರಿ. ನನ್ನ ಆಯ್ಕೆ ಅಲೆಕ್ಸಾ ಗ್ರೂಪ್ ಉಳಿಸಿಕೊಳ್ಳುವುದು, ಯಾಕೆಂದರೆ ಸ್ಪೀಕರನ್ನು ಸೇರಿಸಲು ಆಗುವುದು ಅದಕ್ಕೇ.

ಬೇರೆ ಬೇರೆ ಕಂಪನಿಗಳ ಸಾಧನಗಳು ಒಟ್ಟಿಗೆ ಕೆಲಸ ಮಾಡಲಿ ಅಂತ 2022ರ ಅಕ್ಟೋಬರಿನಲ್ಲಿ ಬಂದ ಮ್ಯಾಟರ್ ಮಾನದಂಡದಿಂದ ಒಂದೇ ಬಲ್ಬನ್ನು ಎರಡು ಮೂರು ವ್ಯವಸ್ಥೆಗಳಿಗೆ ಒಟ್ಟಿಗೆ ಸೇರಿಸಬಹುದು. ಆದರೆ ಪ್ರತಿ ಆ್ಯಪೂ ತನ್ನದೇ ಹೆಸರು ಇಟ್ಟುಕೊಳ್ಳುತ್ತದೆ. ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ತಾನಾಗಿ ಬದಲಾಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಎಲ್ಲ ಕಡೆಯೂ ಒಂದೇ ಹೆಸರು ಕೈಯಾರೆ ಬರೆಯಿರಿ.

2025ರಲ್ಲಿ ಅಮೆಜಾನ್ ಅಲೆಕ್ಸಾ ಪ್ಲಸ್ ಅನ್ನೂ ಗೂಗಲ್ ಮನೆಗಾಗಿ ಜೆಮಿನಿಯನ್ನೂ ಪ್ರಕಟಿಸಿದವು. ಈ ಎಐ ಅಸಿಸ್ಟೆಂಟ್‌ಗಳು ಸಡಿಲವಾಗಿ ಆಡಿದ ಮಾತನ್ನೂ ಅರ್ಥ ಮಾಡಿಕೊಳ್ಳಲು ನೋಡುತ್ತವೆ. ಹಾಗಂತ ಹೆಸರಿನ ಕೆಲಸ ಬಿಡುವಂತಿಲ್ಲ. ಒಂದೇ ಹೆಸರಿನ ಎರಡು ಲೈಟಿದ್ದರೆ ಮನುಷ್ಯರೂ ‘ಯಾವುದು?’ ಅಂತಲೇ ಕೇಳುತ್ತಾರೆ, ಅಲ್ವಾ?

ನಿಮ್ಮ ಮನೆಗೆ ಯಾವುದು ಹೊಂದುತ್ತದೆ

ಒಂದೆರಡು ಕೋಣೆ, ನಾಲ್ಕೈದು ಲೈಟು, ಒಂದೇ ಸ್ಪೀಕರ್ ಇದ್ದರೆ ಪಕ್ಕದ ವಸ್ತುವಿನ ಹೆಸರೇ ಸಾಕು. ಕೋಣೆಯ ಹೆಸರು ಸೇರಿಸಿ ಉದ್ದ ಮಾಡಬೇಡಿ.

ಕೋಣೆಗೊಂದು ಸ್ಪೀಕರ್ ಇರುವ ದೊಡ್ಡ ಮನೆಯಾದರೆ ಕೋಣೆಯ ಗ್ರೂಪ್ ಮೊದಲು. ಬೇರೆಯಾಗಿ ಕರೆಯುವ ಲೈಟು ಕೋಣೆಗೆ ಒಂದೋ ಎರಡೋ ಇರುತ್ತದೆ. ಅವಕ್ಕೆ ಮಾತ್ರ ವಸ್ತುವಿನ ಹೆಸರು ಯೋಚಿಸಿ ಇಡಿ, ಉಳಿದವಕ್ಕೆ ಪಟ್ಟಿಗಾಗಿ ಏನಾದರೂ ಬರೆದರೆ ಆಯಿತು. ದೊಡ್ಡ ಮನೆಯಲ್ಲಿ ಒಂದೋ ಎರಡೋ ಸ್ಪೀಕರ್ ಮಾತ್ರ ಇದ್ದರೆ, ಅಥವಾ ಹೆಚ್ಚಾಗಿ ಫೋನಿನಿಂದಲೇ ಹೇಳುವುದಾದರೆ, ಕೋಣೆ ಮತ್ತು ಬಗೆ ಸೇರಿಸಿದ ಹೆಸರು ಬಿಟ್ಟು ಬೇರೆ ದಾರಿಯಿಲ್ಲ.

ಹಾಸಿಗೆಯಿಂದ ಏಳಲು ಕಷ್ಟ ಇರುವವರು, ಕಣ್ಣು ಮಂಜಾದವರು ಮನೆಯಲ್ಲಿದ್ದರೆ ಬೇರೆ ಎಲ್ಲ ಲೆಕ್ಕ ಬದಿಗಿಡಿ. ಅವರು ಆ ಲೈಟನ್ನು ಈಗಾಗಲೇ ಏನಂತ ಕರೆಯುತ್ತಾರೆ ಅಂತ ಕೇಳಿ, ಅದೇ ಹೆಸರು ಇಡಿ. ಅವರ ಬಾಯಿಂದಲೇ ಹೇಳಿಸಿ ನೋಡಿ. ನಿಮ್ಮ ದನಿಗೆ ಹತ್ತಿದ್ದು ಅವರ ದನಿಗೆ ಹತ್ತದೆ ಇರಬಹುದು. ಅವರಿಗೆ ದನಿಯಿಂದ ಲೈಟು ಹಾಕುವುದು ಮೋಜಿನ ವಿಷಯವಲ್ಲ, ಯಾರನ್ನೂ ಕರೆಯದೆ ರಾತ್ರಿ ಎದ್ದು ಹೋಗಲು ಇರುವ ಆಸರೆ.

ಇಟ್ಟ ಮೇಲೆ ನೋಡುವುದು ಹೇಗೆ

ಹೆಸರು ಕೊಟ್ಟ ಮೇಲೆ ಪೂರ್ತಿ ವಾಕ್ಯದಲ್ಲಿ ಹೇಳಿ ನೋಡಿ: ಹಾಕು, ಆರಿಸು, ಅರ್ಧ ಮಾಡು. ಹತ್ತಿರದಿಂದ ಒಮ್ಮೆ, ಕೋಣೆಯ ಆಚೆ ತುದಿಯಿಂದ ಒಮ್ಮೆ, ಟಿವಿ ಓಡುತ್ತಿರುವಾಗ ಒಮ್ಮೆ. ಮನೆಯ ಎಲ್ಲರಿಂದಲೂ ಹೇಳಿಸಿ.

ಕೆಲಸ ಮಾಡದಿದ್ದಾಗ ಊಹೆ ಮಾಡುತ್ತಾ ಕೂರಬೇಡಿ. ಸ್ಪೀಕರಿಗೆ ಏನು ಕೇಳಿಸಿತು ಅನ್ನುವುದು ಬರಹದಲ್ಲೇ ಸಿಗುತ್ತದೆ. ಅಲೆಕ್ಸಾ ಆ್ಯಪಿನಲ್ಲಿ ವಾಯ್ಸ್ ಹಿಸ್ಟರಿ ಇದೆ. ಗೂಗಲ್ ಖಾತೆಯಲ್ಲಿ ಮೈ ಆ್ಯಕ್ಟಿವಿಟಿ ಇದೆ. ಐಫೋನಿನಲ್ಲಿ ಸಿರಿ ಕೇಳಿಸಿಕೊಂಡ ಮಾತನ್ನು ಪರದೆಯ ಮೇಲೆ ತೋರಿಸುವಂತೆ ಹೊಂದಿಸಬಹುದು. ಅಲ್ಲಿ ನಿಮ್ಮ ಪದವೇ ತಪ್ಪಾಗಿ ಬರೆದಿದ್ದರೆ ಸದ್ದಿನ ತೊಂದರೆ, ಪದ ಬದಲಿಸಿ. ಪದ ಸರಿಯಾಗಿದ್ದೂ ಬೇರೆ ಲೈಟು ಹತ್ತಿದರೆ ಎರಡು ಹೆಸರು ಘರ್ಷಿಸುತ್ತಿವೆ, ಇನ್ನೊಂದನ್ನು ಹುಡುಕಿ ತಿದ್ದಿ. ಹಳೆಯ ಬಲ್ಬನ್ನು ತೆಗೆದುಹಾಕಿದ ಮೇಲೂ ಅದರ ಹೆಸರು ಪಟ್ಟಿಯಲ್ಲಿ ಉಳಿದು ಹೀಗೆ ಅಡ್ಡ ಬರುವುದುಂಟು.

ಹೆಸರು ಬದಲಿಸುವಾಗ ಒಂದು ಆ್ಯಪನ್ನು ಮುಖ್ಯವಾಗಿ ಹಿಡಿದು, ಅಲ್ಲಿ ತಿದ್ದಿ, ಆಮೇಲೆ ಉಳಿದ ಕಡೆ ನೋಡಿ. ಬಲ್ಬಿನ ಕಂಪನಿಯ ಆ್ಯಪಿನಲ್ಲಿ ಬದಲಿಸಿದ್ದು ಗೂಗಲ್‌ನಲ್ಲಿ ಕಾಣದಿದ್ದರೆ ಸ್ಪೀಕರಿಗೆ ‘ಸಿಂಕ್ ಮೈ ಡಿವೈಸಸ್’ ಅನ್ನಿ. ಅಲೆಕ್ಸಾಗೆ ‘ಡಿಸ್ಕವರ್ ಮೈ ಡಿವೈಸಸ್’. ಹೋಮ್ ಅಸಿಸ್ಟೆಂಟ್‌ನಲ್ಲಿ ಕಾಣುವ ಹೆಸರು ಬೇರೆ, ಒಳಗಿನ ಐಡಿ ಬೇರೆ. ಹಾಗಾಗಿ ಕಾಣುವ ಹೆಸರನ್ನು ಎಷ್ಟು ಸಲ ಬದಲಿಸಿದರೂ ಐಡಿಯ ಮೇಲೆ ನಿಂತ ಆಟೊಮೇಶನ್‌ಗಳು (ತಾನಾಗಿ ನಡೆಯುವ ಹಾಗೆ ಹೊಂದಿಸಿದ ಕೆಲಸಗಳು) ಮುರಿಯುವುದಿಲ್ಲ. ಐಡಿಯನ್ನು ಮಾತ್ರ ಮುಟ್ಟಬೇಡಿ. ಹೊಸ ಹೆಸರು ಎಲ್ಲರ ಬಾಯಿಗೆ ಕೂರುವವರೆಗೆ ಹಳೆಯದನ್ನೂ ಅಡ್ಡಹೆಸರಾಗಿಯೋ, ಅಲೆಕ್ಸಾದಲ್ಲಾದರೆ ಇನ್ನೊಂದು ಗ್ರೂಪಾಗಿಯೋ ಉಳಿಸಿಕೊಂಡು, ಯಾರೂ ಹೇಳುತ್ತಿಲ್ಲ ಅಂತ ಹಿಸ್ಟರಿಯಲ್ಲಿ ಕಂಡ ಮೇಲೆ ತೆಗೆಯಿರಿ.